‘ಈ’ ಎನ್ನಿ ಟೀಚರ್

ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿದ್ದ ಶಾಲಾ ಟೀಚರ್ ಒಬ್ಬರು ಗಂಡನೊಂದಿಗೆ ಬಂದಿದ್ದರು. ಬಾಯಿ ತೆರೆದರೆ ದನಿಗಿಂತ ಗಾಳಿಯೇ ಹೆಚ್ಚು. ಹಾಜರಿ ಕೂಗುವ ಕೆಲಸವನ್ನು ಮುಂದಿನ ಬೆಂಚಿನ ಹುಡುಗಿಗೆ ಒಪ್ಪಿಸಿದ್ದರಂತೆ. ನೀರು ಕುಡಿದರೆ ನೆತ್ತಿಗೆ ಹತ್ತುತ್ತಿತ್ತು. ಒಂದೇ ಉಸಿರಿಗೆ ‘ಈ’ ಅನ್ನಿಸಿದೆ. ನಾಲ್ಕು ಸೆಕೆಂಡಿಗೆ ಉಸಿರು ಮುಗಿಯಿತು.

ಮೂಗಿನಿಂದ ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಇಳಿಸಿ ನೋಡಿದರೆ ಎಡಗಡೆಯ ಧ್ವನಿತಂತು ಬದಿಗೆ ಸರಿದು ಸುಮ್ಮನೆ ನಿಂತಿತ್ತು. ಬಲಗಡೆಯದು ಪಾಪ, ಪ್ರತಿ ಸಲವೂ ಮಧ್ಯದವರೆಗೆ ಬಂದು ಜೊತೆ ಸಿಗದೆ ಮರಳುತ್ತಿತ್ತು. ತಂತುವನ್ನು ಆಡಿಸುವ ಎಡಗಡೆಯ ನರ ಎದೆಗೆ ಇಳಿದು, ಮಹಾಪಧಮನಿಯನ್ನು ಬಳಸಿ, ಥೈರಾಯ್ಡ್ ಹಿಂದಿನಿಂದಲೇ ಮೇಲೆ ಬರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅಲ್ಲಿ ಒಂದಿಷ್ಟು ಎಳೆತ ಬಿದ್ದರೂ ಸಾಕು, ತಂತು ಆಡದೆ ನಿಲ್ಲಬಹುದು.

ನರ ತಾನಾಗಿ ಚೇತರಿಸಿಕೊಳ್ಳಬಹುದು. ಶಾಶ್ವತ ಶಸ್ತ್ರಚಿಕಿತ್ಸೆಗೆ ಮುನ್ನ 9ರಿಂದ 12 ತಿಂಗಳು ಕಾಯುವುದು ರೂಢಿ. ಅಷ್ಟು ದಿನ ದನಿಯಿಲ್ಲದೆ ಇರಿ ಎಂದು ಟೀಚರಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಹಯಲುರೋನಿಕ್ ಆಮ್ಲದ ಜೆಲ್ ತುಂಬಿ ತಂತುವನ್ನು ಮಧ್ಯಕ್ಕೆ ತಳ್ಳಬಹುದು. ಕೆಲವು ತಿಂಗಳಲ್ಲಿ ಅದು ಕರಗುತ್ತದೆ, ನಮಗೆ ಬೇಕಾದದ್ದೂ ಅದೇ.

ಅರಿವಳಿಕೆ ಕೊಟ್ಟು ಮಲಗಿಸಲಿಲ್ಲ, ಕುರ್ಚಿಯಲ್ಲೇ ಕೂರಿಸಿದೆ. ನಿದ್ದೆಯಲ್ಲಿರುವವರು ‘ಈ’ ಅನ್ನುವುದಿಲ್ಲವಲ್ಲ! ಸೂಜಿಯ ಕೆಲಸ ಒಂದೆರಡು ನಿಮಿಷದ್ದು. ಗಂಟಲನ್ನು ಮರಗಟ್ಟಿಸುವುದಕ್ಕೇ ಹೊತ್ತು ಹಿಡಿಯುತ್ತದೆ. ಮರಗಟ್ಟಿಸುವ ಮದ್ದಾದ ಶೇ 4ರ ಲಿಗ್ನೋಕೇನನ್ನು ತಂತುಗಳ ಮೇಲೆ ಹನಿಸುತ್ತಾ ‘ಈ’ ಅನ್ನಿಸಬೇಕು. ಮೊದಲು ಗಳಗಳ ಸದ್ದು, ಕೆಮ್ಮು, ಕಣ್ಣೀರು. ಕೆಮ್ಮು ನಿಂತ ಮೇಲೆಯೇ ಸೂಜಿ ಕೈಗೆತ್ತಿಕೊಳ್ಳುತ್ತೇನೆ. ಅವಸರಪಟ್ಟವರು ಇಲ್ಲಿಯೇ ಸೋಲುತ್ತಾರೆ.

ಗಂಟಲಮಣಿಯ ಮೇಲಿನ ಕಚ್ಚಿನಿಂದ ಬಾಗಿಸಿದ ತೆಳು ಸೂಜಿ ಒಳಹೊಕ್ಕಿತು. ಪರದೆಯ ಮೇಲೆ ಅದರ ತುದಿ ಮಿನುಗಿತು. ಅದನ್ನು ತಂತುವಿನ ಹೊರ ಅಂಚಿನಲ್ಲಿ, ಆಳದಲ್ಲಿ ನಿಲ್ಲಿಸಬೇಕು. ಮೊದಮೊದಲು ಒಬ್ಬರಿಗೆ ಮೇಲ್ಪದರದಲ್ಲೇ ಜೆಲ್ ಬಿಟ್ಟುಬಿಟ್ಟಿದ್ದೆ. ಕಂಪಿಸಬೇಕಾದ ಪದರ ಬಿಗಿದು ದನಿ ಇನ್ನಷ್ಟು ಕೆಟ್ಟಿತು. ಕಿಣ್ವದ ಚುಚ್ಚುಮದ್ದು ಕೊಟ್ಟು ಕರಗಿಸಬೇಕಾಯಿತು. ಆ ರೋಗಿಯ ಮುಖ ಇನ್ನೂ ಕಣ್ಣ ಮುಂದಿದೆ.

‘ಈ ಅನ್ನಿ ಟೀಚರ್.’ ಸ್ವಲ್ಪ ಜೆಲ್. ‘ಇನ್ನೊಮ್ಮೆ.’ ಗಾಳಿ ಕಡಿಮೆಯಾಯಿತು. ಅರ್ಧ ಮಿಲಿಲೀಟರಿನ ಹೊತ್ತಿಗೆ ದನಿ ಒಮ್ಮೆಲೇ ಕೂಡಿಕೊಂಡಿತು. ಪರದೆಗಿಂತ ಕಿವಿಯನ್ನೇ ನಂಬಿ ನಾನು ನಿಲ್ಲಿಸುವುದು. ಜೆಲ್ ಮುಂದೆ ತುಸು ತಗ್ಗುತ್ತದೆಂದು ಒಂದೆರಡು ಹನಿ ಹೆಚ್ಚಿಗೆ ಹಾಕಿದೆ. ದನಿ ಸ್ವಲ್ಪ ಬಿಗಿಯಾಯಿತು.

ಮರಗಟ್ಟುವಿಕೆ ಇಳಿಯುವವರೆಗೆ, ಎರಡು ಗಂಟೆ ನೀರೂ ಬೇಡ ಎಂದೆ. ತಲೆಯಾಡಿಸಿ ಎದ್ದ ಟೀಚರ್, ಬಾಗಿಲಿನಿಂದಲೇ ‘ಏನ್ರೀ’ ಎಂದು ಕರೆದರು. ಬೆಂಚಿನ ಮೇಲಿದ್ದ ಗಂಡ ತಿರುಗಿ ನಮ್ಮ ನರ್ಸ್ ಮುಖ ನೋಡಿದರು.