ಕರಡಿಯಿಲ್ಲದ ಗುಹೆಯಲ್ಲಿ ಕ್ಯಾಮೆರಾ ಇಟ್ಟಾಗ

ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕ್‌ನಲ್ಲಿ ಮುಚ್ಚಿಹೋದ ಮೃಗಾಲಯವೊಂದರ ಬೋನುಗಳೂ ಪ್ರಾಣಿಗಳಿಗಾಗಿ ಕಟ್ಟಿದ ಗುಹೆಗಳೂ ಇನ್ನೂ ಹಾಗೆಯೇ ನಿಂತಿವೆ. ಅವುಗಳ ಫೋಟೊ ತೆಗೆಯಲು ನಾನು ನಾಲ್ಕು ಸಲ ಹೋದೆ. ಮೊದಲೆರಡು ಸಲ ತೆಗೆದದ್ದರಲ್ಲಿ ಒಂದನ್ನೂ ಉಳಿಸಿಕೊಂಡಿಲ್ಲ.

ಮೊದಲ ಸಲ ಮಾಡಿದ ತಪ್ಪು ಸಣ್ಣದು. ನಡು ಮಧ್ಯಾಹ್ನ ಹೋಗಿದ್ದೆ. ಗುಹೆಗಳ ಸಾಲಿನ ಮುಂದೆ ವಿಶಾಲವಾದ ಹುಲ್ಲುಹಾಸು, ತಲೆಯ ಮೇಲೆ ಕ್ಯಾಲಿಫೋರ್ನಿಯಾದ ಬಿಸಿಲು. ಚಿತ್ರದಲ್ಲಿ ಬಂಡೆ ಸುಣ್ಣ ಬಳಿದಂತೆ ಬೆಳ್ಳಗೆ, ಗುಹೆಯ ಬಾಯಿ ಮಸಿ ಸುರಿದಂತೆ ಕಪ್ಪಗೆ. ಸಂಜೆಯ ಹೊಂಬಿಸಿಲಿಗೆ ಕಾಯೋಣವೆಂದರೆ ಅದೂ ಆಗಲಿಲ್ಲ. ಈ ಜಾಗ ಪಾರ್ಕ್‌ನ ಪೂರ್ವದ ಇಳಿಜಾರಿನಲ್ಲಿದೆ. ಸೂರ್ಯ ಬೇಗನೆ ಗುಡ್ಡದ ಹಿಂದೆ ಸರಿದುಬಿಡುತ್ತಾನೆ.

ಎರಡನೆಯ ಸಲ ಬೆಳಕು ಚೆನ್ನಾಗಿತ್ತು. ಜೂನ್ ತಿಂಗಳ ಬೆಳಗು. ಆ ದಿನಗಳಲ್ಲಿ ಸಮುದ್ರದಿಂದ ಬರುವ ಮೋಡ ಊರಿನ ಮೇಲೆ ಬೂದು ಕಂಬಳಿ ಹೊದಿಸಿರುತ್ತದೆ. ಪ್ರವಾಸಿಗರು ಗೊಣಗುವ ಆ ಮಂಕು ಬೆಳಕೇ ನನ್ನಂಥವರಿಗೆ ಹಬ್ಬ, ನೆರಳುಗಳು ಕತ್ತಿಯಂತೆ ಕೊಯ್ಯುವುದಿಲ್ಲ. ಆದರೂ ಮನೆಗೆ ಬಂದು ನೋಡಿದರೆ ಎಲ್ಲವೂ ಅಂಚೆಕಾರ್ಡಿನ ಚಿತ್ರಗಳು. ಪಾಳುಬಿದ್ದ ಗುಹೆ, ಗೋಡೆಯ ಮೇಲೆ ಬಣ್ಣದ ಗೀಚು, ಮೇಲೊಂದು ಮರ. ಎಲ್ಲಿ ಎಡವಿದೆ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಟಿಕೆಟ್ ಕೊಂಡು ಬಂದವರು ಎಲ್ಲಿ ನಿಲ್ಲುತ್ತಿದ್ದರೋ ಅಲ್ಲಿಯೇ ನಾನೂ ನಿಂತಿದ್ದೆ.

ಆ ಗುಹೆಗಳನ್ನು ಕಟ್ಟಿದ್ದೇ ಹಾಗೆ ನೋಡುವವರಿಗಾಗಿ. ಮೃಗಾಲಯ 1912ರಲ್ಲಿ ಶುರುವಾದಾಗ ಇದ್ದದ್ದು 15 ಪ್ರಾಣಿಗಳು ಮಾತ್ರ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದವರಿಗೆ ಕೆಲಸ ಕೊಡಲು ಸರ್ಕಾರ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್ ಎಂಬ ಯೋಜನೆ ತಂದಿತಲ್ಲ, ಆಗ ಈ ಬಂಡೆಯ ಗುಹೆಗಳು ಎದ್ದವು. ಮುಂದಿನಿಂದ ನೋಡಿದರೆ ಬೆಟ್ಟದ ಸಹಜ ಪೊಟರೆ ಎನ್ನಬೇಕು. ಹಿಂದೆ ಹೋದರೆ ನಾಟಕದ ಪರದೆಯ ಹಿಂದೆ ಹೋದ ಹಾಗೆ. ಒಬ್ಬರು ಮಾತ್ರ ಹಿಡಿಸುವ ಕಡಿದಾದ ಮೆಟ್ಟಿಲು, ಕಿರಿದಾದ ಓಣಿ, ಕಬ್ಬಿಣದ ಸರಳುಗಳು. 1966ರಲ್ಲಿ ಪ್ರಾಣಿಗಳನ್ನು ಎರಡು ಮೈಲಿ ಉತ್ತರದ ಹೊಸ ಮೃಗಾಲಯಕ್ಕೆ ಸಾಗಿಸಿದರು. ಸರಳುಗಳಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಹಾಗಾಗಿ ಮೂರನೆಯ ಸಲ ಒಳಗಿನಿಂದ ಹೊರಗೆ ನೋಡುವುದೆಂದು ನಿರ್ಧರಿಸಿದೆ. ಹಿಂಬದಿಯ ಕೆಲವು ಭಾಗಗಳಿಗೆ ಬೇಲಿ ಹಾಕಿದ್ದಾರೆ. ಅದನ್ನು ಹಾರಿ ಫೋಟೊ ತೆಗೆಯುವ ಶೂರರಿದ್ದಾರೆ, ನಾನು ಹಾರಲಿಲ್ಲ. ತೆರೆದಿರುವುದೇ ಬೇಕಾದಷ್ಟಿದೆ. ದಾರಿಯಲ್ಲಿ ಇನ್ನಷ್ಟು ಮೇಲಕ್ಕೆ ನಡೆದರೆ ಸಾಲಾಗಿ ಬೋನುಗಳು ಸಿಗುತ್ತವೆ, ಕೆಲವಕ್ಕೆ ನೇರವಾಗಿ ಹೊಗಬಹುದು.

ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಅಗಲಿಸಿ ಕ್ಯಾಮೆರಾವನ್ನು ನನ್ನ ಮೊಣಕಾಲಿನ ಮಟ್ಟಕ್ಕೆ ಇಳಿಸಿದೆ. ಮಲಗಿರುವ ದೊಡ್ಡ ಪ್ರಾಣಿಯ ಕಣ್ಣು ಅಷ್ಟು ಎತ್ತರದಲ್ಲಿರಬಹುದು ಎಂಬ ನನ್ನದೇ ಅಂದಾಜು. ಅಗಲದ ನೋಟ ಹಿಡಿಯುವ 24 ಮಿ.ಮೀ. ಲೆನ್ಸ್. ಒಂದೇ ನೋಟಕ್ಕೆ ಎರಡೆರಡು ಸ್ಟಾಪ್ ಅಂತರದಲ್ಲಿ, ಅಂದರೆ ಪ್ರತಿ ಸಲ ಬೆಳಕು ನಾಲ್ಕು ಪಟ್ಟು ಬದಲಾಗುವಂತೆ, ಮೂರು ಎಕ್ಸ್‌ಪೋಷರ್: ಒಂದು ಒಳಗಿನ ಕತ್ತಲೆಗೆ, ಒಂದು ಹೊರಗಿನ ಬೆಳಕಿಗೆ, ಮಧ್ಯದ್ದು ಎರಡನ್ನೂ ಹೊಲಿಯಲು. ಫ್ಲ್ಯಾಷ್ ಒಮ್ಮೆ ಹಾಕಿ ನೋಡಿದೆ. ಗೋಡೆಯ ಗೀಚುಗಳಷ್ಟೇ ಮಿಂಚಿದವು, ಆಳ ಸತ್ತುಹೋಯಿತು. ಮತ್ತೆ ಹಾಕಲಿಲ್ಲ.

ನೆಲದಲ್ಲಿ ಕುಳಿತಾಗಲೇ ನನಗೆ ಸರಳು ಕಂಡದ್ದು. ಬಣ್ಣದ ಮೇಲೆ ಬಣ್ಣ ಕೂತು ಕಬ್ಬಿಣ ದಪ್ಪಗಾಗಿತ್ತು. ಒಂದು ಕಡೆ ಆ ಪದರ ಸಿಪ್ಪೆಯಂತೆ ಎದ್ದು ಕಿತ್ತಳೆ ಬಣ್ಣದ ತುಕ್ಕು ಇಣುಕುತ್ತಿತ್ತು. ಬೆರಳಿಟ್ಟರೆ ಪುಡಿ ಅಂಟಿಕೊಂಡಿತು. ಆ ಎತ್ತರದಿಂದ ಹುಲ್ಲುಹಾಸು, ಮರ, ಆಕಾಶ ಎಲ್ಲವೂ ಪಟ್ಟಿ ಪಟ್ಟಿಯಾಗಿ ಸೀಳಿದ್ದವು. ನಿಂತು ನೋಡಿದಾಗ ಕಣ್ಣು ಸರಳನ್ನು ದಾಟಿ ಹೊರಗೆ ಹೋಗುತ್ತದೆ, ಕುಳಿತಾಗ ಹೋಗುವುದಿಲ್ಲ. ಆ ದಿನ ಇಡೀ ಬೆಳಿಗ್ಗೆ ಒಂದೇ ಬೋನಿನಲ್ಲಿ ಕಳೆದೆ. ದಾರಿಹೋಕನೊಬ್ಬ ನನ್ನನ್ನು ನೋಡಿ, ಏನೂ ಕೇಳದೆ, ಸರಳಿನ ಆಚೆಯಿಂದ ಒಂದು ಫೋಟೊ ತೆಗೆದುಕೊಂಡು ಹೋದ. ನ್ಯಾಯವೇ ಸರಿ.

ಒಂದು ಎಚ್ಚರಿಕೆ. ಈ ಗುಡ್ಡಗಳಲ್ಲಿ ಬುಡುಬುಡಿಕೆ ಹಾವುಗಳಿವೆ, ಮೈಗೆ ಸೋಕಿದರೆ ಬೊಬ್ಬೆ ಏಳಿಸುವ ಪಾಯ್ಸನ್ ಓಕ್ ಗಿಡವಿದೆ. ಎಲೆ ತುಂಬಿದ ಮೂಲೆಗೆ ಕೈ ಹಾಕುವ ಮೊದಲು ಟ್ರೈಪಾಡಿನ ಕಾಲಿನಿಂದ ಕೆದಕುತ್ತೇನೆ. ಇಲ್ಲಿ ಬೋನಿಲ್ಲದೆ ಬದುಕಿದ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿಯೊಂದೂ ಇತ್ತು. ಪಿ-22 ಎಂದು ಸಂಶೋಧಕರು ಗುರುತಿಟ್ಟ ಬೆಟ್ಟದ ಸಿಂಹ (ಪ್ಯೂಮಾ) ಎರಡು ದೊಡ್ಡ ಹೆದ್ದಾರಿಗಳನ್ನು ದಾಟಿ ಬಂದು 2012ರಿಂದ ಇದೇ ಪಾರ್ಕ್‌ನಲ್ಲಿ ಒಂಟಿಯಾಗಿ ಬದುಕಿತ್ತು. 2016ರಲ್ಲಿ ಹೊಸ ಮೃಗಾಲಯದ ಕೊಆಲಾ ಎಂಬ ಪ್ರಾಣಿಯೊಂದು ಸತ್ತಾಗ ಸಂಶಯ ಹೋದದ್ದು ಇದರ ಮೇಲೆ. ಗಾಯ, ಕಾಯಿಲೆಗಳಿಂದ ಜರ್ಜರಿತವಾದ ಅದಕ್ಕೆ 2022ರ ಡಿಸೆಂಬರ್‌ನಲ್ಲಿ ದಯಾಮರಣ ಕೊಟ್ಟರು. ಖಾಲಿ ಬೋನಿನಲ್ಲಿ ಕುಳಿತವನಿಗೆ ಅದರ ನೆನಪು ಬರದೆ ಇರುವುದಿಲ್ಲ.

ನಾಲ್ಕನೆಯ ಸಲ ಕೆಳಗಿನ ದೊಡ್ಡ ಗುಹೆಗಾಗಿ ಹೋದೆ. ಪ್ರಾಣಿಗಳಿದ್ದ ಜಾಗದಲ್ಲಿ ಈಗ ಊಟದ ಮೇಜು, ಬೆಂಚುಗಳಿವೆ. ಅಂದು ಒಂದು ಕುಟುಂಬ ಮಗುವಿನ ಹುಟ್ಟುಹಬ್ಬಕ್ಕೆ ಬಲೂನು ಕಟ್ಟುತ್ತಿತ್ತು. ಕೈಯಲ್ಲಿ ಕ್ಯಾಮೆರಾ ಕಂಡದ್ದೇ ತಾಯಿ ತನ್ನ ಮೊಬೈಲ್ ಕೊಟ್ಟು, ಎಲ್ಲರದ್ದೂ ಒಂದು ತೆಗೆಯಿರಿ ಎಂದರು. ನಾನು ಅಭ್ಯಾಸಬಲದಿಂದ ಗುಹೆಯ ಒಳಗೆ ಹೋಗಿ ಹಿಂಗೋಡೆಗೆ ಬೆನ್ನು ಹಚ್ಚಿ ಕುಕ್ಕುರುಗಾಲಿನಲ್ಲಿ ಕುಳಿತೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಲ್ಲಿಂದ ತೆಗೆದರೆ ಗುಹೆ ಬರುವುದಿಲ್ಲವಲ್ಲ," ಎಂದರು ತಾಯಿ.

ಎದ್ದು, ಮೇಜನ್ನು ಬಳಸಿ, ಹುಲ್ಲುಹಾಸಿಗೆ ಹೋಗಿ ನಿಂತು ತೆಗೆದುಕೊಟ್ಟೆ.