ದಕ್ಷಿಣ ಆಫ್ರಿಕಾದಲ್ಲಿ ಕಂಪನಿ ತೆರೆಯುವ ಕನ್ನಡಿಗರೇ, ಆ 'ಇಂಡಿಯನ್' ಕಾಲಂ ನಿಮ್ಮದಲ್ಲ

ಜೋಹಾನ್ಸ್‌ಬರ್ಗ್‌ಗೆ ಬರುವ ನಮ್ಮವರು ವೀಸಾ, ಮನೆ ಬಾಡಿಗೆ, ಕರೆಂಟ್ ಕಡಿತ, ರಾತ್ರಿ ಯಾವ ರಸ್ತೆ ಬೇಡ, ಎಲ್ಲವನ್ನೂ ಮೊದಲೇ ತಿಳಿದುಕೊಂಡು ಬಂದಿರುತ್ತಾರೆ. ಅದನ್ನು ನಾನು ಮತ್ತೆ ಬರೆಯುವುದಿಲ್ಲ. ಇಲ್ಲಿ ಸ್ವಂತ ಕಂಪನಿ ತೆರೆದವರು ಒಬ್ಬರ ಹಿಂದೆ ಒಬ್ಬರು ಬೀಳುತ್ತಿರುವ ಒಂದೇ ಗುಂಡಿಯ ಬಗ್ಗೆ ಬರೆಯುತ್ತೇನೆ. ಅದರ ಹೆಸರು ಬಿಇಇ, ಅಂದರೆ ಬ್ಲ್ಯಾಕ್ ಎಕನಾಮಿಕ್ ಎಂಪವರ್‌ಮೆಂಟ್. ವರ್ಣಭೇದದ ಕಾಲದಲ್ಲಿ ತುಳಿತಕ್ಕೆ ಒಳಗಾದವರಿಗೆ ವ್ಯಾಪಾರದಲ್ಲಿ ಪಾಲು ಕೊಡಿಸಲು 2003ರಲ್ಲಿ ಬಂದ ಕಾನೂನು.

ಅದು ನಡೆಯುವ ರೀತಿ ಹೀಗಿದೆ. ಒಡೆತನ, ಕೆಲಸ, ಖರೀದಿಯಲ್ಲಿ ಬ್ಲ್ಯಾಕ್ ಜನರಿಗೆ ಎಷ್ಟು ಪಾಲಿದೆ ಎಂದು ನೋಡಿ ಕಂಪನಿಗೆ 1ರಿಂದ 8ರವರೆಗೆ ಒಂದು ಲೆವೆಲ್ ಕೊಡುತ್ತಾರೆ. 1 ಎಲ್ಲಕ್ಕಿಂತ ಒಳ್ಳೆಯದು. ದೊಡ್ಡ ಬ್ಯಾಂಕೋ ಗಣಿ ಕಂಪನಿಯೋ ಲೆವೆಲ್ 1ರವರಿಂದ 100 ರಾಂಡ್‌ಗೆ ಸರಕು ಕೊಂಡರೆ, ಅದರ ಲೆಕ್ಕಕ್ಕೆ 135 ರಾಂಡ್ ಸೇರುತ್ತದೆ. ಆ ಲೆಕ್ಕ ಅವರ ಸ್ವಂತ ಬಿಇಇ ಅಂಕಪಟ್ಟಿಗೆ ಬೇಕು. ಹಾಗಾಗಿ ನಿಮ್ಮ ಕೆಲಸ ಚೆನ್ನಾಗಿದೆಯಾ ಎಂದು ಕೇಳುವ ಮೊದಲೇ ನಿಮ್ಮ ಲೆವೆಲ್ ಎಷ್ಟು ಅಂತ ಕೇಳುತ್ತಾರೆ.

ನನ್ನ ಪರಿಚಯದ ದಾವಣಗೆರೆಯ ಒಬ್ಬರು ಮಿಡ್‌ರ‍್ಯಾಂಡ್‌ನಲ್ಲಿ ಪುಟ್ಟ ಸಾಫ್ಟ್‌ವೇರ್ ಕಂಪನಿ ಮಾಡಿದ್ದರು. ಬಂದು ಬಹಳ ವರ್ಷ ಆಗಿತ್ತು, ಇಲ್ಲಿನ ಪೌರತ್ವವೂ ಸಿಕ್ಕಿತ್ತು. ಕಾನೂನಿನಲ್ಲಿ ಬ್ಲ್ಯಾಕ್ ಎಂದರೆ ಆಫ್ರಿಕನ್ನರು, ಕಲರ್ಡ್ (ಮಿಶ್ರ ಮೂಲದ) ಜನ ಮತ್ತು ಇಂಡಿಯನ್ನರು ಎಂದು ಯಾರೋ ಹೇಳಿದರು. ಅದು ನಿಜ. ಇವರು ಪೊಲೀಸ್ ಠಾಣೆಗೆ ಹೋಗಿ, ಕಂಪನಿ ನೂರಕ್ಕೆ ನೂರು ಬ್ಲ್ಯಾಕ್ ಒಡೆತನದ್ದು ಎಂದು ಪ್ರಮಾಣ ಮಾಡಿ, ಅಫಿಡವಿಟ್‌ಗೆ ಸೀಲು ಹಾಕಿಸಿಕೊಂಡು ಬಂದರು. ಲೆವೆಲ್ 1 ಆಯಿತು, ದೊಡ್ಡ ಗುತ್ತಿಗೆಯೂ ಸಿಕ್ಕಿತು. ಆಮೇಲೆ ಗಿರಾಕಿ ಕಂಪನಿಯ ಆಡಿಟ್‌ನವರು ಐಡಿ ಪ್ರತಿ, ಪೌರತ್ವ ಪತ್ರ ಕೇಳಿದರು. ಗುತ್ತಿಗೆ ರದ್ದಾಯಿತು. ಅದನ್ನು ನಂಬಿ ಕೆಲಸಕ್ಕೆ ತೆಗೆದುಕೊಂಡಿದ್ದ ಹುಡುಗರನ್ನು ಬಿಡಬೇಕಾಯಿತು. ಉಳಿದ ದುಡ್ಡು ವಕೀಲರ ಪಾಲಾಯಿತು.

ಉತ್ತರ ಆ ಅಫಿಡವಿಟ್‌ನಲ್ಲೇ ಅಚ್ಚಾಗಿತ್ತು. ಬ್ಲ್ಯಾಕ್ ಎಂದರೆ ಯಾರು ಎಂದು ವಿವರಿಸುವ ಒಂದು ಚೌಕ ಅದರಲ್ಲಿದೆ. ಮೊದಲ ಸಾಲಲ್ಲಿ ಇಂಡಿಯನ್ ಎಂದು ಕಂಡ ಕೂಡಲೇ ನಮ್ಮವರು ಓದು ನಿಲ್ಲಿಸುತ್ತಾರೆ. ಮುಂದಿನ ಸಾಲುಗಳನ್ನು ಓದಿ. ಹುಟ್ಟಿನಿಂದ ಅಥವಾ ವಂಶದಿಂದ ದಕ್ಷಿಣ ಆಫ್ರಿಕಾದ ಪ್ರಜೆ ಆಗಿರಬೇಕು. ಅರ್ಜಿ ಹಾಕಿ ಪೌರತ್ವ ಪಡೆದವರಾದರೆ ಅದು 1994ರ ಏಪ್ರಿಲ್ 27ಕ್ಕೆ ಮೊದಲು ಸಿಕ್ಕಿರಬೇಕು, ಇಲ್ಲವೇ ಆ ದಿನಕ್ಕೆ ಮೊದಲೇ ಅದನ್ನು ಪಡೆಯುವ ಅರ್ಹತೆ ಇದ್ದಿರಬೇಕು. 2005ರಲ್ಲಿ ಬಂದು 2015ರಲ್ಲಿ ಪೌರತ್ವ ಪಡೆದ ನೀವು ಮತ ಹಾಕಬಹುದು, ಹಸಿರು ಪಾಸ್‌ಪೋರ್ಟ್ ಹಿಡಿದು ಓಡಾಡಬಹುದು. ಈ ಲೆಕ್ಕಕ್ಕೆ ಮಾತ್ರ ನೀವು ಬ್ಲ್ಯಾಕ್ ಅಲ್ಲ. ಸುಳ್ಳು ಹೇಳಿ ಲೆವೆಲ್ ಪಡೆಯುವುದು ಅಪರಾಧ. 10 ವರ್ಷದವರೆಗೆ ಜೈಲು, ಕಂಪನಿಗೆ ವಹಿವಾಟಿನ ಶೇ. 10ರವರೆಗೆ ದಂಡ. ಶಿಕ್ಷೆಯಾದರೆ 10 ವರ್ಷ ಸರ್ಕಾರಿ ಕೆಲಸದ ಕಡೆ ತಲೆ ಹಾಕುವಂತಿಲ್ಲ.

ಇದನ್ನು ಹೇಳಿದಾಗ ನಮ್ಮವರಿಗೆ ಸಿಟ್ಟು ಬರುತ್ತದೆ. 'ಡರ್ಬನ್‌ನ ಇಂಡಿಯನ್ ಬ್ಲ್ಯಾಕ್ ಆದರೆ ನಾನ್ಯಾಕಲ್ಲ?' ಎನ್ನುತ್ತಾರೆ. ಆ ತಾರೀಕು ಈ ದೇಶದಲ್ಲಿ ಎಲ್ಲ ಜನಾಂಗದವರೂ ಮತ ಹಾಕಿದ ಮೊದಲ ಚುನಾವಣೆಯ ದಿನ. ಅದಕ್ಕೆ ಮೊದಲು ಇಲ್ಲಿ ಕಳೆದುಕೊಂಡವರಿಗೆ ಒಂದಿಷ್ಟು ಹಿಂದಿರುಗಿಸುವ ಕಾನೂನು ಇದು. ಚರ್ಮದ ಬಣ್ಣ ನೋಡಿ ಹಂಚುವ ರಿಯಾಯಿತಿ ಅಲ್ಲ.

ಏನು ಕಳೆದುಕೊಂಡರು ಅಂತ ತಿಳಿಯಲು ಜೋಹಾನ್ಸ್‌ಬರ್ಗ್‌ನಿಂದ ಕರಿಯರ ಬಡಾವಣೆ ಸೊವೆಟೊ ಕಡೆ ಒಮ್ಮೆ ಕಾರಿನಲ್ಲಿ ಹೋಗಿ. ರಸ್ತೆಯ ಪಕ್ಕ ಹಳದಿ ಮಣ್ಣಿನ ಬೋಳು ಗುಡ್ಡಗಳು ಕಾಣುತ್ತವೆ. ಚಿನ್ನ ತೆಗೆದು ಬಿಸಾಡಿದ ಪುಡಿ ಅದು. ಆಗಸ್ಟ್ ಗಾಳಿಗೆ ಆ ಧೂಳು ಹಾರಿ ಪಕ್ಕದ ಮನೆಗಳ ಒಳಗೆ ಬರುತ್ತದೆ. ಕೋಲಾರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿದವರು ಅವರು. ಅಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಲಸ ಶುರು ಮಾಡಿತು, ಇಲ್ಲಿ 1886ರಲ್ಲಿ ಚಿನ್ನ ಸಿಕ್ಕಿತು. ಎರಡೂ ಕಡೆಯ ಲಾಭ ಹೋಗಿದ್ದು ಲಂಡನ್ನಿಗೆ. 1917ರಲ್ಲಿ ಇಲ್ಲಿ ಹುಟ್ಟಿದ ಆಂಗ್ಲೋ ಅಮೆರಿಕನ್ ಗಣಿ ಕಂಪನಿಯ ಹೆಸರೇ ಬಂಡವಾಳ ಎಲ್ಲಿಂದ ಬಂತು ಅಂತ ಹೇಳುತ್ತದೆ.

ಗಣಿಗೆ ಅಗ್ಗದ ಕೂಲಿಗಳು ಬೇಕಿತ್ತು. ಸ್ವಂತ ಹೊಲ ಇದ್ದವನು ಭೂಮಿಯೊಳಗೆ ಇಳಿಯುವುದಿಲ್ಲ ಅಲ್ವಾ? ಅದಕ್ಕೇ ಕಾನೂನು ಬಂತು. 1894ರಲ್ಲಿ ಸೆಸಿಲ್ ರೋಡ್ಸ್ ಕೇಪ್ ವಸಾಹತಿನ ಪ್ರಧಾನಿಯಾಗಿದ್ದಾಗ ಗ್ಲೆನ್ ಗ್ರೇ ಕಾಯಿದೆ ಮಾಡಿದ. ಜಿಲ್ಲೆಯ ಹೊರಗೆ ದುಡಿಯಲು ಹೋಗದ ಗಂಡಸಿಗೆ ವರ್ಷಕ್ಕೆ 10 ಶಿಲ್ಲಿಂಗ್ ತೆರಿಗೆ. 1913ರ ಭೂ ಕಾಯಿದೆ ದೇಶದ ಬಹುಸಂಖ್ಯಾತ ಕರಿಯರಿಗೆ ಉಳಿಸಿದ್ದು ಸುಮಾರು ಶೇ. 7 ಭೂಮಿ. 1936ರಲ್ಲಿ ಅದನ್ನು ಶೇ. 13ರ ಹತ್ತಿರಕ್ಕೆ ಏರಿಸಿದರು, ಅಷ್ಟೇ. ಬೆಲೆಯೇರಿಕೆ ಕಳೆದು ನೋಡಿದರೆ 1969ರಲ್ಲಿ ಚಿನ್ನದ ಗಣಿಯ ಕರಿಯ ಕಾರ್ಮಿಕನ ಕೂಲಿ 1911ರಲ್ಲಿ ಇದ್ದುದಕ್ಕಿಂತ ಹೆಚ್ಚಿರಲಿಲ್ಲ. ಲೆಸೊಥೊ, ಮೊಜಾಂಬಿಕ್, ಮಲಾವಿಯಿಂದಲೂ ಗಂಡಸರನ್ನು ತಂದು ಕಾಂಪೌಂಡು ಎಂಬ ಬೇಲಿಯೊಳಗಿನ ಗಣಿ ವಸತಿಗಳಲ್ಲಿ ಕೂಡಿಹಾಕಿದರು. ಕಲ್ಲಿನ ಧೂಳು ಕುಡಿದು ಅವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂತು. ಗಣಿ ಕಂಪನಿಗಳು ಅವರಿಗೆ ದೊಡ್ಡ ಪರಿಹಾರ ಒಪ್ಪಿಕೊಂಡಿದ್ದು 2018ರಲ್ಲಿ, ಎಷ್ಟೋ ಜನ ಸತ್ತ ಮೇಲೆ.

ಇನ್ನು ಡರ್ಬನ್‌ನ ಇಂಡಿಯನ್ನರು. 1860ರಿಂದ ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಅವರು. ಯಾವ ಜನಾಂಗ ಎಲ್ಲಿ ವಾಸಿಸಬೇಕು ಎಂದು ಗೆರೆ ಎಳೆದ 1950ರ ಗ್ರೂಪ್ ಏರಿಯಾಸ್ ಕಾಯಿದೆಯಲ್ಲಿ ಅವರ ಮನೆಗಳನ್ನು ಕಿತ್ತು ಊರಾಚೆಯ ಚಾಟ್ಸ್‌ವರ್ತ್‌ಗೆ ಎಸೆದರು, ಜೋಹಾನ್ಸ್‌ಬರ್ಗ್‌ನ ಇಂಡಿಯನ್ನರನ್ನು ಲೆನೇಸಿಯಾಕ್ಕೆ ಅಟ್ಟಿದರು. ಆಮೇಲೆ ವರ್ಣಭೇದದ ವಿರುದ್ಧ ಹೋರಾಡಿದ ಕರಿಯ ವಿದ್ಯಾರ್ಥಿ ನಾಯಕ ಸ್ಟೀವ್ ಬೀಕೋ ಮತ್ತು ಅವನ ಗೆಳೆಯರು ಒಂದು ದೊಡ್ಡ ಮಾತು ಹೇಳಿದರು. ತುಳಿತಕ್ಕೆ ಒಳಗಾಗಿ, ಒಟ್ಟಿಗೆ ನಿಂತು ಹೋರಾಡುವ ಎಲ್ಲರೂ ಬ್ಲ್ಯಾಕ್ ಅಂತ. 1974ರಲ್ಲಿ ಮೊಜಾಂಬಿಕ್ ಪೋರ್ಚುಗೀಸರಿಂದ ಬಿಡುಗಡೆಯಾಗುವ ಹೊತ್ತಿಗೆ, ಅದನ್ನು ಸಂಭ್ರಮಿಸಲು ಬೀಕೋನ ಸಂಗಾತಿಗಳು ಡರ್ಬನ್‌ನಲ್ಲಿ ನಿಷೇಧ ಮೀರಿ ಸಭೆ ಸೇರಿದರು. ಆ ಕೇಸಿನಲ್ಲಿ ರಾಬೆನ್ ದ್ವೀಪದ ಜೈಲು ಕಂಡವರಲ್ಲಿ ಸ್ಯಾತ್ಸ್ ಕೂಪರ್, ಸ್ಟ್ರಿನಿ ಮೂಡ್ಲಿ ಇಬ್ಬರೂ ಇಂಡಿಯನ್ನರು. ಬೀಕೋ 1977ರಲ್ಲಿ ಪೊಲೀಸರ ವಶದಲ್ಲಿ ಸತ್ತ, ವಯಸ್ಸು 30. ಕಾನೂನಿನ ಆ ಸಾಲಿನಲ್ಲಿ ಇಂಡಿಯನ್ ಎಂದು ಇರುವುದರ ಹಿಂದೆ ಇವರೆಲ್ಲ ಇದ್ದಾರೆ. ಬೆಂಗಳೂರಿನಿಂದ ವಿಮಾನದಲ್ಲಿ ಬಂದಿಳಿದ ನಾವು ಅದರಲ್ಲಿ ಪಾಲು ಕೇಳುವುದು ನನಗೆ ನಾಚಿಕೆಯ ವಿಷಯವಾಗಿ ಕಾಣುತ್ತದೆ.

ಯುಗಾದಿ ಊಟಕ್ಕೆ ಸೇರಿದಾಗ 'ಇಲ್ಲೂ ರಿಸರ್ವೇಶನ್ ಕಾಟ' ಎಂದು ಗೊಣಗುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ನಾಲ್ವಡಿಯವರು ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ ನಾಡಿನವರು ನಾವು. ನಮ್ಮ ಮೀಸಲಾತಿ ಓದು ಮತ್ತು ಸರ್ಕಾರಿ ಕೆಲಸದ ಹೊಸ್ತಿಲು ದಾಟಿ ಖಾಸಗಿ ಕಂಪನಿಯೊಳಗೆ ಹೋಗಲಿಲ್ಲ. ಇಲ್ಲಿ ಬಂಡವಾಳ, ಖರೀದಿ, ಮ್ಯಾನೇಜರ್ ಕುರ್ಚಿ, ಎಲ್ಲದರ ಲೆಕ್ಕ ಕೇಳುತ್ತಾರೆ. ಆ ಮಟ್ಟಿಗೆ ಇವರದೇ ಮೇಲು. ಆದರೆ ಹಳ್ಳಿಯ ಹುಡುಗಿಗೆ ಮೆಡಿಕಲ್ ಸೀಟು ಕೊಡಿಸುವ ನಮ್ಮ ಪದ್ಧತಿ ಹೆಚ್ಚು ಮನೆ ಮುಟ್ಟುತ್ತದೆ. ಬಿಇಇಯ ದೊಡ್ಡ ಷೇರುಗಳು ರಾಜಕೀಯದವರ ಸುತ್ತಲಿನ ಕೆಲವರ ಕೈಗೇ ಹೋದವು ಎಂಬ ದೂರು ಇಲ್ಲಿನ ಕರಿಯರದ್ದೇ. ಸರ್ಕಾರದ 2017ರ ಲೆಕ್ಕದಲ್ಲೂ, ವ್ಯಕ್ತಿಗಳ ಹೆಸರಲ್ಲಿರುವ ಕೃಷಿ ಭೂಮಿಯಲ್ಲಿ ಶೇ. 72 ಬಿಳಿಯರದ್ದಾಗಿತ್ತು.

ಹಾಗಾದರೆ ನೀವು ಮಾಡಬೇಕಾದ್ದೇನು? ಸುಳ್ಳು ಹೇಳುವ ಅಗತ್ಯವೇ ಇಲ್ಲ. ಹೆಚ್ಚಿನ ಬಗೆಯ ವ್ಯಾಪಾರಗಳಲ್ಲಿ ವಾರ್ಷಿಕ ವಹಿವಾಟು 1 ಕೋಟಿ ರಾಂಡ್‌ಗಿಂತ ಕಡಿಮೆ ಇದ್ದರೆ, ಬ್ಲ್ಯಾಕ್ ಒಡೆತನ ಸೊನ್ನೆ ಎಂದು ಬರೆದರೂ ಲೆವೆಲ್ 4 ತಾನಾಗಿ ಸಿಗುತ್ತದೆ. ಅಂದರೆ ನಿಮ್ಮಿಂದ ಕೊಂಡ 100 ರಾಂಡ್‌ಗೆ 100 ರಾಂಡಿನ ಪೂರ್ತಿ ಲೆಕ್ಕ. ನಮ್ಮ ದಾವಣಗೆರೆಯವರಿಗೆ ಇಷ್ಟು ಗೊತ್ತಿದ್ದರೆ ಕಂಪನಿ ಉಳಿಯುತ್ತಿತ್ತು. ಮೇಲಕ್ಕೆ ಹೋಗಬೇಕೆಂದರೆ ಇಲ್ಲಿನವರನ್ನು ನಿಜವಾದ ಪಾಲುದಾರರಾಗಿ ಸೇರಿಸಿಕೊಳ್ಳಿ. ಶೇ. 51 ಅವರದ್ದಾದರೆ ಲೆವೆಲ್ 2. ಮತದ ಹಕ್ಕು, ಲಾಭದ ಪಾಲು ಎರಡೂ ಅವರಿಗೆ ಇರಬೇಕು. ಡ್ರೈವರ್ ಅಥವಾ ಮನೆಕೆಲಸದವರ ಹೆಸರಲ್ಲಿ ಷೇರು ಬರೆದು ಅವರಿಗೇ ಗೊತ್ತಾಗದಂತೆ ಇಡುವುದಕ್ಕೆ ಇಲ್ಲಿ ಫ್ರಂಟಿಂಗ್ ಎನ್ನುತ್ತಾರೆ. ಮೇಲೆ ಹೇಳಿದ ಜೈಲು, ದಂಡ ಅದಕ್ಕೂ ಉಂಟು. ಅಂಥ ಸಲಹೆ ಕೊಡುವ ಏಜೆಂಟರು ಸಿಗುತ್ತಾರೆ, ಅವರಿಂದ ದೂರ ಇರಿ.

ಕೆಲಸಕ್ಕೆ ಸೇರುವವರೂ ಗಮನಿಸಿ. ನೌಕರರ ಜನಾಂಗ ಕೇಳಲು ಆಫೀಸಿನಲ್ಲಿ ಕೊಡುವ ಇಇಎ1 ಫಾರಂನಲ್ಲಿ ಇಂಡಿಯನ್ ಎಂಬ ಕಾಲಂ ಜೊತೆಗೆ, ವಿದೇಶಿಯರೇ ಎಂಬ ಪ್ರಶ್ನೆಯೂ ಪೌರತ್ವ ಸಿಕ್ಕ ತಾರೀಕಿಗೆ ಜಾಗವೂ ಇರುತ್ತವೆ. ಅವೆರಡನ್ನೂ ಖಾಲಿ ಬಿಡಬೇಡಿ. ಅಫಿಡವಿಟ್ ಸಹಿಯಾದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ಅವಧಿ ಮುಗಿಯುವ ಮೊದಲೇ ಆ ವರ್ಷದ ವಹಿವಾಟಿನ ಲೆಕ್ಕ ಹಿಡಿದು ಠಾಣೆಗೆ ಹೋಗಿ ಹೊಸದು ಮಾಡಿಸಿ. ಸಹಿಯನ್ನು ಅಧಿಕಾರಿಯ ಎದುರಿಗೇ ಹಾಕಿ, ಮನೆಯಲ್ಲಿ ಹಾಕಿಕೊಂಡು ಹೋಗಬೇಡಿ.