ಅಂಗಳದ ಕೆಂಪಿರುವೆಗೆ ಹಂಡೆಯ ನೀರು

ಉಡುಪಿಯ ನಮ್ಮ ಮನೆ ಅಂಗಳದಲ್ಲಿ, ಮಲ್ಲಿಗೆ ಸಾಲಿನ ಪಕ್ಕ, ಮಳೆ ಬಿಟ್ಟ ಕೂಡಲೇ ಪುಡಿಮಣ್ಣಿನ ಗುಡ್ಡೆಗಳು ಏಳುತ್ತಿದ್ದವು. ಹೂ ಕೊಯ್ಯಲು ಹೋದ ಅಮ್ಮನ ಪಾದಕ್ಕೆ ಕೆಂಪಿರುವೆ ಕಚ್ಚಿ, ಮರುದಿನ ಸಣ್ಣ ಸಣ್ಣ ಗುಳ್ಳೆ ಎದ್ದವು. ನೋಡಿ ಹೊಟ್ಟೆ ಉರಿಯಿತು.

ಮೊದಲು ಬೂದಿ, ಅರಿಶಿನ ಹಾಕಿದೆ. 2 ಅಡಿ ಆಚೆ ಹೊಸ ಗೂಡು ಎದ್ದಿತು. ಮೊಟ್ಟೆ ಇಡುವ ರಾಣಿ ಇರುವೆ ಮಣ್ಣಿನಡಿ ಇರುವವರೆಗೆ ಮೇಲೆ ಏನು ಚೆಲ್ಲಿದರೂ ಅಷ್ಟೇ ಅಲ್ವಾ.

ಕೊನೆಗೆ ಕೈ ಹಿಡಿದದ್ದು ಬಚ್ಚಲಿನ ಹಂಡೆ. ಬೆಳಿಗ್ಗೆ ಎಳೆಬಿಸಿಲಿಗೆ ಇರುವೆಗಳು ಗೂಡಿನ ಮೇಲ್ಭಾಗಕ್ಕೆ ಬಂದಿರುತ್ತವೆ. ಆಗ ಗಂಬೂಟು ಹಾಕಿಕೊಂಡು, ಗೂಡು ಕೆದಕದೆ, ಕೊತಕೊತ ಕುದಿಯುವ ನೀರು ಸುಮಾರು 10 ಲೀಟರ್ ನಿಧಾನವಾಗಿ ಸುರಿದೆ. ಗುಡ್ಡೆ ಕುಸಿದು, ಅಕ್ಕಿನುಚ್ಚಿನಂಥ ಬಿಳಿ ಮರಿಗಳು ತೇಲಿ ಬಂದವು. ಒಂದೇ ಸಲಕ್ಕೆ ಮುಗಿಯಲಿಲ್ಲ, ವಾರ ಬಿಟ್ಟು ಮತ್ತೆರಡು ಸಲ ಹಾಕಬೇಕಾಯಿತು. ಮಲ್ಲಿಗೆ ಬುಡದ ಗೂಡಿಗೆ ಮಾತ್ರ ಬಿಸಿನೀರು ಹಾಕಲಿಲ್ಲ, ಬೇರು ಬೆಂದುಹೋಗುತ್ತದೆ. ಅದನ್ನು ಹಾರೆಯಿಂದ ಎತ್ತಿ ಸೋಪುನೀರಿನ ಬಕೆಟ್ಟಿಗೆ ಹಾಕಿದೆ.

ಇರುವೆ ಮುತ್ತದಿರಲಿ ಎಂದು ಬಂಗುಡೆ ಮೀನಿನ ಮುಳ್ಳು ಅಂಗಳಕ್ಕೆ ಬಿಸಾಡುವುದನ್ನೂ ನಿಲ್ಲಿಸಿದೆವು.

ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯನ್ನು ದಯವಿಟ್ಟು ಮುಟ್ಟಬೇಡಿ. ಅದು ಬೇರೆಯೇ ಜಾತಿ, ಗೇರು-ಮಾವಿಗೆ ಬರುವ ಕೀಟಗಳನ್ನು ಹಿಡಿದು ತಿನ್ನುತ್ತದೆ.